ಕಂತು ಮುಗಿಯುವ ಮೊದಲೇ ಹೊಸ ಫೋನ್ ಕೊಡುತ್ತಾರಂತೆ, ತಗೊಳ್ಳಬಹುದೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮೂರು ಜಮಖಂಡಿ ಹತ್ರ, ಕೃಷ್ಣಾ ನದಿ ದಂಡಿ. ಕಬ್ಬು ಬೆಳೀತೀವಿ. ಮಗ ಅಮೆರಿಕದ ಡಲ್ಲಾಸ್‌ನಾಗ ಇದ್ದಾನ. ಅಲ್ಲಿ ಒಂದು ದೊಡ್ಡ ಮೊಬೈಲ್ ಕಂಪನಿ ಕಡೆ 1,080 ಡಾಲರ್‌ದ ಐಫೋನ್ ತಗೊಂಡಾನ, 36 ಕಂತು. ತಿಂಗಳಿಗೆ 30 ಡಾಲರ್ ಹಚ್ಚಿ, 20 ಡಾಲರ್ ರಿಯಾಯಿತಿ ಅಂತ ಅದೇ ಬಿಲ್ಲಿನಾಗ ವಾಪಸ್ ಕೊಡ್ತಾರಂತ. ಕೈಯಿಂದ ಹೋಗೂದು 10. ಇಪ್ಪತ್ತೆರಡು ಕಂತು ಮುಗದಾವ. ಈಗ ‘ನೀವು ಅವಧಿಗಿಂತ ಮೊದಲೇ ಅಪ್‌ಗ್ರೇಡ್‌ಗೆ ಅರ್ಹರು’ ಅಂತ ಮೆಸೇಜ್ ಬಂದೈತಂತ. ಹೊಸಾದು ತಗೊಂಡು ಹಳೇದು ನಿಮಗ ಕಳಸ್ತೀನಿ ಅಪ್ಪಾ ಅಂತಾನ. ನನ್ನ ಕಡೆ ಬಿಎಸ್‌ಎನ್‌ಎಲ್ ಸಿಮ್ ಐತಿ. ಇತ್ತ ಬೆಳಗಾವಿಯೊಳಗ ಓದೋ ಮಗಳು ಖಡೇಬಜಾರದ ಅಂಗಡಿಯೊಳಗ 24,000 ರೂಪಾಯಿ ಫೋನ್ ನೋಡ್ಯಾಳ. ಬಡ್ಡಿ ಇಲ್ಲದ 12 ಕಂತು, ಪ್ರೊಸೆಸಿಂಗ್ ಫೀ 399 ಮತ್ತ ಅದರ ಜಿಎಸ್‌ಟಿ. ಮ್ಯಾಲ 999 ಕೊಟ್ರ ವರ್ಷದ ನಂತರ ಫೋನ್ ತಿರುಗಿ ತಗೊಂಡು 60 ಪರ್ಸೆಂಟ್ ಹೊಸಾ ಫೋನಿಗೆ ಹಿಡೀತೀವಿ ಅಂದಾರ. ರೊಕ್ಕ ಒಮ್ಮೆಲೆ ಕೊಟ್ರ 22,800ಕ್ಕ ಕೊಡ್ತಾರಂತ. ಸಾಲ ನನ್ನ ಹೆಸರಿಲೆ ಆಗಬೇಕಂತ. ಎರಡೂ ಛಲೋ ಅನಸ್ತಾವ. ಏನ್ ಮಾಡ್ಲಿ?

ಉತ್ತರ: ಕಾಕಾ, ನಮಸ್ಕಾರ. ಲೆಕ್ಕವನ್ನೆಲ್ಲ ಬರೆದು ಕಳಿಸಿದ್ದೀರಿ, ಅದರಿಂದ ನನ್ನ ಕೆಲಸ ಅರ್ಧ ಹಗುರಾಯಿತು. ಮೊದಲು ಮಗನಿಗೆ ಫೋನ್ ಹಚ್ಚಿ ಒಂದೇ ಮಾತು ಕೇಳಿರಿ: ‘ಹೊಸಾದು ತಗೊಂಡಾಗ ಹಳೇ ಫೋನ್ ಯಾರ ಕೈಗೆ ಹೋಗ್ತದ?’

ಯಾಕೆಂದರೆ ಅಮೆರಿಕದ ಕಂಪನಿಗಳು ‘ಅವಧಿಗೆ ಮುಂಚಿನ ಅಪ್‌ಗ್ರೇಡ್’ ಎಂದು ಕರೆಯುವ ಯೋಜನೆಯ ಸಾಮಾನ್ಯ ಷರತ್ತು ಹೀಗಿದೆ. ಫೋನಿನ ಬೆಲೆಯಲ್ಲಿ ಇಂತಿಷ್ಟು ಭಾಗ, ಬಹಳ ಕಡೆ ಅರ್ಧ, ಕಟ್ಟಿ ಮುಗಿದಿರಬೇಕು. ಆಮೇಲೆ ಹಳೆಯ ಫೋನನ್ನು ಸುಸ್ಥಿತಿಯಲ್ಲಿ ಕಂಪನಿಗೆ ಒಪ್ಪಿಸಬೇಕು. ಒಪ್ಪಿಸಿದರೆ ಉಳಿದ ಕಂತುಗಳನ್ನು ಬಿಡುತ್ತಾರೆ, ಹೊಸ ಫೋನಿಗೆ ಹೊಸ ಕಂತು ಶುರುವಾಗುತ್ತದೆ. ಅಂದರೆ ಮಗ ಆ ಮೆಸೇಜಿಗೆ ಹೂಂ ಅಂದರೆ ಹಳೆಯ ಫೋನ್ ಕಂಪನಿಯ ಪೆಟ್ಟಿಗೆ ಸೇರುತ್ತದೆ, ಜಮಖಂಡಿಗೆ ಬರುವುದಿಲ್ಲ. ಕೊಡದೆ ಇಟ್ಟುಕೊಂಡರೆ ಬಾಕಿ ಪೂರ್ತಿ ಬಿಲ್ಲಿಗೆ ಬೀಳುತ್ತದೆ. ನಿಮ್ಮ ಮಗ ಒಳ್ಳೆಯ ಮನಸ್ಸಿನಿಂದ ಹೇಳಿದ್ದಾನೆ, ಷರತ್ತಿನ ಆ ಸಾಲು ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಈಗ ದುಡ್ಡಿನ ಕಡೆ ಬರೋಣ. ಇಲ್ಲಿ ಸ್ವಲ್ಪ ತಡೆದು ಓದಿರಿ, ನಾನು ಕಂಡ ಹಾಗೆ ಹೆಚ್ಚಿನವರು ಎಡವುವ ಜಾಗ ಇದೇ.

22 ಕಂತು ಮುಗಿದಿವೆ, ಉಳಿದವು 14. ತಿಂಗಳಿಗೆ 30ರಂತೆ ಬಾಕಿ 420 ಡಾಲರ್. ಕಂಪನಿ ‘ಫೋನ್ ಕೊಡ್ರಿ, 420 ಬಿಡ್ತೀವಿ’ ಅಂದಾಗ ದೊಡ್ಡ ಉಪಕಾರದಂತೆ ಕಾಣುತ್ತದೆ. ಆದರೆ ಮಗ ಸುಮ್ಮನೆ ಇದ್ದು ಮುಂದಿನ 14 ತಿಂಗಳು ಬಿಲ್ ಕಟ್ಟುತ್ತ ಹೋದರೆ ಅವನ ಕೈಯಿಂದ ಹೋಗುವುದು ತಿಂಗಳಿಗೆ 10, ಒಟ್ಟು 140 ಡಾಲರ್ ಮಾತ್ರ. ಉಳಿದ 280ನ್ನು ರಿಯಾಯಿತಿಯಾಗಿ ಕೊಡುತ್ತೇವೆಂದು ಕಂಪನಿ ಮೊದಲೇ ಒಪ್ಪಿಕೊಂಡಿದೆ. ಹಾಗಾದರೆ ಈ ಅಪ್‌ಗ್ರೇಡಿನಲ್ಲಿ ಅವನಿಗೆ ನಿಜವಾಗಿ ಉಳಿಯುವುದು 140 ಡಾಲರ್. ಅದಕ್ಕೆ ಬದಲಾಗಿ ಅವನು ಕೊಡುವುದು ಇನ್ನೂ ಎರಡು ವರ್ಷ ತುಂಬದ, ಚೆನ್ನಾಗಿ ನಡೆಯುತ್ತಿರುವ ಒಂದು ಐಫೋನ್. ಹಾಲು ಕೊಡುವ ಎಮ್ಮೆಯನ್ನು ಹಿಂಡಿಯ ಬಾಕಿಗೆ ಹೊಡೆದು ಕಳಿಸಿದ ಹಾಗೆ.

ಇನ್ನೊಂದು ದಾರಿ, ಬಾಕಿ ಪೂರ್ತಿ ಈಗಲೇ ಕಟ್ಟಿ ಫೋನ್ ತನ್ನದಾಗಿಸಿಕೊಂಡು ನಿಮಗೆ ಕೊಡುವುದು. ಇಲ್ಲೂ ಒಂದು ಹೊಂಡವಿದೆ. ಅವಧಿಗೆ ಮುಂಚೆ ಬಾಕಿ ತೀರಿಸಿದರೆ ಮುಂದಿನ ತಿಂಗಳುಗಳ ರಿಯಾಯಿತಿ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಆಗ 140 ಕಟ್ಟುವವನು 420 ಕಟ್ಟಬೇಕು. ಹೆಚ್ಚಿಗೆ ಹೋಗುವ 280 ಡಾಲರನ್ನು, ಡಾಲರಿಗೆ 85 ರೂಪಾಯಿ ಹಿಡಿದು ಲೆಕ್ಕ ಹಾಕಿ ನೋಡಿ: 23,800 ರೂಪಾಯಿ. ನಿಮ್ಮ ಮಗಳು ಖಡೇಬಜಾರದಲ್ಲಿ ನೋಡಿದ ಫೋನಿನ ಬೆಲೆ ಹತ್ತಿರಹತ್ತಿರ ಅಷ್ಟೇ! ಹದಿನಾಲ್ಕು ತಿಂಗಳು ತಡೆಯಲಾರದ್ದಕ್ಕೆ ಒಂದು ಇಡೀ ಫೋನಿನ ದುಡ್ಡು.

ಈ ತರ್ಕ ನಿಮಗೆ ಹೊಸದೇನೂ ಅಲ್ಲ ಕಾಕಾ, ನಿಮ್ಮೂರಿನ ಸೊಸೈಟಿಯಲ್ಲೇ ಇದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ ಬಡ್ಡಿ ಇಲ್ಲದ ಬೆಳೆಸಾಲ ಎತ್ತುತ್ತೀರಲ್ಲ, ಅಲ್ಲಿ ಬಡ್ಡಿ ಇಲ್ಲವೆಂದಲ್ಲ, ನಿಮ್ಮ ಪರವಾಗಿ ಸರ್ಕಾರ ತುಂಬುತ್ತದೆ. ಗಡುವಿನೊಳಗೆ ಅಸಲು ಕಟ್ಟಿದವರಿಗೆ ಮಾತ್ರ ಆ ಸವಲತ್ತು. ಗಡುವು ದಾಟಿತೋ, ಸವಲತ್ತು ಹೋಯಿತು, ಬಡ್ಡಿ ನಿಮ್ಮ ತಲೆಗೆ ಬಂತು. ಮಗನ ಬಿಲ್ಲಿನ 20 ಡಾಲರ್ ಕೂಡ ಅದೇ ಜಾತಿಯದು. ಫೋನಿನ ಬೆಲೆ ಕಡಿಮೆಯಾಗಿಲ್ಲ. 36 ತಿಂಗಳು ಅದೇ ಕಂಪನಿಯಲ್ಲಿ, ಅವರು ಹೇಳಿದ ಪ್ಲಾನಿನಲ್ಲಿ ಉಳಿದರೆ ತಿಂಗಳು ತಿಂಗಳು ಇಷ್ಟಿಷ್ಟು ಬಿಡುತ್ತೇವೆ ಎಂಬ ಮಾತು ಅದು. ಸೊಸೈಟಿಯಲ್ಲಿ ತಡ ಮಾಡಿದರೆ ಸವಲತ್ತು ತಪ್ಪುತ್ತದೆ, ಅಲ್ಲಿ ಅವಸರ ಮಾಡಿದರೆ ತಪ್ಪುತ್ತದೆ. ವ್ಯತ್ಯಾಸ ಅಷ್ಟೇ.

ಇದು ಹೀಗೇಕಾಯಿತು ಎಂಬುದಕ್ಕೆ ಒಂದಿಷ್ಟು ಇತಿಹಾಸವಿದೆ. 2007ರಲ್ಲಿ ಮೊದಲ ಐಫೋನ್ ಬಂದಾಗ ಅಲ್ಲಿ ಬೆಲೆ 499 ಮತ್ತು 599 ಡಾಲರ್. ಮರುವರ್ಷ ಬಂದ ಐಫೋನ್ 3ಜಿಯನ್ನು ಎಟಿ ಆ್ಯಂಡ್ ಟಿ ಕಂಪನಿ 199 ಡಾಲರಿಗೆ ಕೊಟ್ಟಿತು. ಫೋನು ಅಗ್ಗವಾಗಿರಲಿಲ್ಲ, ಎರಡು ವರ್ಷದ ಕರಾರಿಗೆ ಗ್ರಾಹಕ ಸಹಿ ಹಾಕಿದ್ದ. ಉಳಿದ ಬೆಲೆಯನ್ನು ಕಂಪನಿ ತಾನು ಹಾಕಿ, ಎರಡು ವರ್ಷದ ಬಿಲ್ಲುಗಳಲ್ಲಿ ನಿಧಾನಕ್ಕೆ ವಸೂಲು ಮಾಡಿಕೊಳ್ಳುತ್ತಿತ್ತು. ಆಮೇಲೆ 2009ರ ಜೂನ್‌ನಲ್ಲಿ ಐಫೋನ್ 3ಜಿಎಸ್ ಬಂತು. ಹೊಸ ಗ್ರಾಹಕರಿಗೆ 199 ಮತ್ತು 299 ಡಾಲರ್. ಹಿಂದಿನ ವರ್ಷವಷ್ಟೇ 3ಜಿ ಕೊಂಡಿದ್ದ ನಿಷ್ಠಾವಂತ ಗ್ರಾಹಕರು ಹೋದರೆ ‘ನಿಮ್ಮ ಅವಧಿ ತುಂಬಿಲ್ಲ, 399 ಅಥವಾ 499 ಕೊಡಿ’ ಎಂಬ ಉತ್ತರ. ದೊಡ್ಡ ಗಲಾಟೆಯಾಯಿತು. ಕೊನೆಗೆ ಕಂಪನಿ ಒಂದಿಷ್ಟು ಬಾಗಿ, ಆ ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅರ್ಹತೆ ಬರಬೇಕಿದ್ದವರಿಗೆ ಮೊದಲೇ ಪೂರ್ತಿ ರಿಯಾಯಿತಿ ಕೊಟ್ಟಿತು. ಉಳಿದವರು ಕಾಯಬೇಕಾಯಿತು.

ಗ್ರಾಹಕರ ಸಿಟ್ಟು ನನಗೆ ಅರ್ಥವಾಗುತ್ತದೆ. ಹಳಬರಿಗಿಂತ ಹೊಸಬರಿಗೆ ಹೆಚ್ಚು ಮರ್ಯಾದೆ ಕೊಟ್ಟರೆ ಯಾರಿಗೂ ನೋವಾಗುತ್ತದೆ. ಆದರೆ ಲೆಕ್ಕದ ಕಣ್ಣಿನಿಂದ ನೋಡಿದರೆ ಆಗಲೂ ವಿಷಯ ಒಂದೇ ಇತ್ತು: ಹಿಂದಿನ ಫೋನಿನ ಮೇಲೆ ಕಂಪನಿ ಹಾಕಿದ ದುಡ್ಡು ಅದಕ್ಕೆ ಇನ್ನೂ ತಿರುಗಿ ಬಂದಿರಲಿಲ್ಲ. ‘ಅರ್ಹತೆ’ ಎಂಬ ಪದ ಕೇಳಲು ಬಹುಮಾನದ ಹಾಗಿದೆ. ಕಂಪನಿಯ ಪುಸ್ತಕದಲ್ಲಿ ಅದರ ಅರ್ಥ, ನಿಮ್ಮ ಮೇಲಿನ ಬಾಕಿ ಎಷ್ಟು ಇಳಿದರೆ ಮತ್ತೆ ಸಾಲ ಕೊಟ್ಟರೂ ತನಗೆ ನಷ್ಟವಿಲ್ಲ ಎಂಬ ಹಂತ. ಕರಾರು ಮುರಿದು ಹೋಗುವವರಿಗೆ ದಂಡವೂ ಇತ್ತು. 2010ರ ಜೂನ್‌ನಿಂದ ಎಟಿ ಆ್ಯಂಡ್ ಟಿ ಸ್ಮಾರ್ಟ್‌ಫೋನ್ ಕರಾರಿಗೆ 325 ಡಾಲರ್ ದಂಡ ಇಟ್ಟಿತು, ಕರಾರಿನಲ್ಲಿ ಕಳೆದ ಪ್ರತಿ ತಿಂಗಳಿಗೆ 10 ಡಾಲರ್ ಇಳಿಯುವ ಹಾಗೆ.

2013ರ ಮಾರ್ಚ್‌ನಲ್ಲಿ ಅಲ್ಲಿಯ ಇನ್ನೊಂದು ಕಂಪನಿ ಟಿ-ಮೊಬೈಲ್ ಎರಡು ವರ್ಷದ ಕರಾರನ್ನೇ ಕೈಬಿಟ್ಟು, ಫೋನಿನ ಕಂತು ಬೇರೆ, ಸೇವೆಯ ಬಿಲ್ ಬೇರೆ ಎಂದು ಮಾಡಿತು. ಅದೇ ವರ್ಷದ ಜುಲೈನಲ್ಲಿ ಟಿ-ಮೊಬೈಲ್‌ನ ಜಂಪ್, ಎಟಿ ಆ್ಯಂಡ್ ಟಿಯ ನೆಕ್ಸ್ಟ್, ವೆರೈಝನ್‌ನ ಎಡ್ಜ್ ಎಂದು ಬೇಗ ಅಪ್‌ಗ್ರೇಡ್ ಕೊಡುವ ಯೋಜನೆಗಳು ಒಂದರ ಹಿಂದೊಂದು ಘೋಷಣೆಯಾದವು. ಹಳೆಯ ಫೋನ್ ಒಪ್ಪಿಸುವ ಷರತ್ತು ಬೇರೂರಿದ್ದು ಆ ಕಾಲದಲ್ಲೇ. ಆಮೇಲೆ ಕಂತಿನ ಉದ್ದ 24ರಿಂದ 36 ತಿಂಗಳವರೆಗೆ ಬೆಳೆಯಿತು, ರಿಯಾಯಿತಿಯನ್ನೂ ಬಿಲ್ಲುಬಿಲ್ಲಿಗೆ ಹಂಚಿದರು. ಕರಾರು ಹೋಯಿತು ಅಂದರು. ಬಾಗಿಲ ಬೀಗ ತೆಗೆದು ಹೊಸ್ತಿಲು ಎತ್ತರ ಮಾಡಿದರು ಅಂತ ನಾನು ಹೇಳುತ್ತೇನೆ.

ಮಗನಿಗೆ ನನ್ನ ಸಲಹೆ ಸ್ಪಷ್ಟ. ಫೋನ್ ನಿಮಗೆ ಕೊಡುವ ಮನಸ್ಸಿದ್ದರೆ ಉಳಿದ 14 ಕಂತು ಕಟ್ಟಲಿ. ಆ ನಡುವೆ ಪ್ಲಾನ್ ಬದಲಿಸುವ ಮುನ್ನ ಕೇಳಲಿ, ಕೆಳಗಿನ ಪ್ಲಾನಿಗೆ ಇಳಿದರೂ ಕೆಲವೊಮ್ಮೆ ರಿಯಾಯಿತಿ ನಿಲ್ಲುತ್ತದೆ. ನನ್ನ ಮಾತನ್ನಷ್ಟೇ ನಂಬಿ ಕೂಡುವುದೂ ಬೇಡ. ಕಂಪನಿಯವರ ಚಾಟ್‌ನಲ್ಲಿ ಮೂರು ಸಂಗತಿ ಬರಹದಲ್ಲಿ ಪಡೆಯಲಿ: ಉಳಿದ ಕಂತಿನ ಮೊತ್ತ ಎಷ್ಟು, ಬಾಕಿ ಮೊದಲೇ ತೀರಿಸಿದರೆ ಉಳಿದ ರಿಯಾಯಿತಿ ಏನಾಗುತ್ತದೆ, ಅಪ್‌ಗ್ರೇಡ್ ಮಾಡಿದರೆ ಹಳೆಯ ಫೋನ್ ಒಪ್ಪಿಸಬೇಕೋ ಬೇಡವೋ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಆಮೇಲೆ ಯಾರೂ ಹೊಣೆಯಾಗುವುದಿಲ್ಲ, ಅಲ್ಲೂ ಇಲ್ಲೂ.

ನಮ್ಮ ದೇಶದಲ್ಲಿ ಈ ಪದ್ಧತಿ ಯಾಕೆ ಬೇರು ಬಿಡಲಿಲ್ಲ ಎಂದು ಕೇಳುವವರಿದ್ದಾರೆ. ಅದೇ ಐಫೋನ್ 3ಜಿ 2008ರ ಆಗಸ್ಟ್ 22ರಂದು ಭಾರತಕ್ಕೆ ಬಂದಾಗ ಏರ್‌ಟೆಲ್ ಮತ್ತು ವೊಡಾಫೋನ್ ಅದನ್ನು 31,000 ರೂಪಾಯಿಗೆ ಮಾರಿದವು. ಅಮೆರಿಕದ 199 ಡಾಲರ್ ಆಗಿನ ದರದಲ್ಲಿ ಒಂಬತ್ತು ಸಾವಿರವೂ ಆಗುತ್ತಿರಲಿಲ್ಲ. ನಮ್ಮವರು ಬೆಚ್ಚಿಬಿದ್ದರು. ಕಾರಣ ಸರಳ, ನಮ್ಮಲ್ಲಿ ಬಹುಪಾಲು ಜನ ಪ್ರಿಪೇಯ್ಡ್. ನಾಳೆ ಸಿಮ್ ತೆಗೆದು ಬಿಸಾಡಬಲ್ಲ ಗ್ರಾಹಕನ ಮೇಲೆ ಯಾವ ಕಂಪನಿ ಎರಡು ವರ್ಷದ ಲೆಕ್ಕ ಹಾಕಿ ದುಡ್ಡು ಸುರಿಯುತ್ತದೆ? ಹಾಗಂತ ಪ್ರಯತ್ನಗಳು ಆಗಲೇ ಇಲ್ಲ ಎಂದಲ್ಲ. 2003ರ ಮಳೆಗಾಲದಲ್ಲಿ ರಿಲಯನ್ಸ್ ಇನ್ಫೋಕಾಮ್ 501 ರೂಪಾಯಿ ಮೊದಲ ಪಾವತಿಗೆ ಫೋನ್ ಕೊಟ್ಟದ್ದು ನಿಮ್ಮ ವಯಸ್ಸಿನವರಿಗೆ ನೆನಪಿದ್ದೀತು. 2017ರ ಜಿಯೋಫೋನ್‌ಗೆ 1,500 ಠೇವಣಿ, ಮೂರು ವರ್ಷದ ನಂತರ ವಾಪಸ್. 2021ರಲ್ಲಿ ಏರ್‌ಟೆಲ್, 12,000ದವರೆಗಿನ ಕೆಲವು ಸ್ಮಾರ್ಟ್‌ಫೋನ್ ಕೊಂಡವರಿಗೆ 6,000 ರೂಪಾಯಿ ಕ್ಯಾಶ್‌ಬ್ಯಾಕ್ ಘೋಷಿಸಿತು. ತಿಂಗಳು ತಪ್ಪದೆ 249 ರೂಪಾಯಿ ಅಥವಾ ಹೆಚ್ಚಿನ ರೀಚಾರ್ಜ್ ಮಾಡಿಸುತ್ತ ಹೋದರೆ 18 ತಿಂಗಳಿಗೆ 2,000, 36 ತಿಂಗಳಿಗೆ ಉಳಿದ 4,000. ನೋಡಿದಿರಾ, ದೊಡ್ಡ ಗಂಟು ಕೊನೆಯಲ್ಲಿದೆ. ಡಲ್ಲಾಸಿನ 20 ಡಾಲರಿಗೂ ಇದಕ್ಕೂ ಒಂದೇ ಮೂಲ: ರಿಯಾಯಿತಿಯನ್ನು ಮುಂದಕ್ಕೆ ಹಾಕುತ್ತ ಗ್ರಾಹಕನನ್ನು ಹಿಡಿದಿಡುವುದು.

ಇಲ್ಲಿ ಆ ಜಾಗವನ್ನು ತುಂಬಿದವರು ಫೈನಾನ್ಸ್ ಕಂಪನಿಗಳು. ಸಿಮ್ ಕಂಪನಿಗೂ ನಿಮ್ಮ ಫೋನಿಗೂ ಸಂಬಂಧವಿಲ್ಲ, ಸಾಲ ಕೊಟ್ಟವರಿಗೂ ಫೋನಿಗೂ ಇದೆ. ಹೀಗಾಗಿ ಮಗಳ ಫೋನಿನ ವಿಷಯ ನೋಡುವಾಗ ‘ಕಂಪನಿ ಆಫರ್’ ಎಂದುಕೊಳ್ಳಬೇಡಿ. ಅದು ಸಾಲ. ಅದಕ್ಕೆ ಅಂಟಿಸಿದ ಮರುಖರೀದಿ ಯೋಜನೆ ಬೇರೆಯೇ ಒಂದು ವ್ಯಾಪಾರ.

ಸಾಲದ ಲೆಕ್ಕ ನೋಡಿ. ರೊಕ್ಕ ಕೈಮೇಲೆ ಇಟ್ಟರೆ 22,800. ಕಂತಿನಲ್ಲಿ 24,000, ಜೊತೆಗೆ 399 ಮತ್ತು ಅದರ ಮೇಲಿನ 18 ಪ್ರತಿಶತ ಜಿಎಸ್‌ಟಿ ಸೇರಿ 471. ಅಂದರೆ ‘ಬಡ್ಡಿ ಇಲ್ಲದ’ ಸಾಲಕ್ಕೆ ನೀವು 1,671 ರೂಪಾಯಿ ಹೆಚ್ಚಿಗೆ ಕೊಡುತ್ತೀರಿ. ಪ್ರತಿ ತಿಂಗಳು ಅಸಲು ಇಳಿಯುತ್ತ ಹೋಗುವುದನ್ನು ಗಣನೆಗೆ ತಂದರೆ ಇದು ವರ್ಷಕ್ಕೆ ಸುಮಾರು 13.5 ಪ್ರತಿಶತ ಬಡ್ಡಿಯ ಸಾಲ. ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಅದು ಪ್ರೊಸೆಸಿಂಗ್ ಫೀ ಮುಂತಾದ ರೂಪದಲ್ಲಿ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಬರೆದು ಹೇಳಿತ್ತು. 13.5 ಪ್ರತಿಶತ ಕೊಲೆಗಡುಕ ಬಡ್ಡಿಯೇನಲ್ಲ, ಕೈಸಾಲದವರು ಇದಕ್ಕಿಂತ ಹೆಚ್ಚು ಕೀಳುತ್ತಾರೆ. ಕೈಯಲ್ಲಿ ದುಡ್ಡಿಲ್ಲ, ಮಗಳ ಓದಿಗೆ ಫೋನ್ ಬೇಕೇ ಬೇಕು ಅಂದರೆ ತೆಗೆದುಕೊಳ್ಳಬಹುದು. ಬಡ್ಡಿ ಕೊಡುತ್ತಿದ್ದೇನೆ ಎಂದು ತಿಳಿದು ತೆಗೆದುಕೊಳ್ಳಿರಿ, ನನ್ನ ತಕರಾರು ಇಷ್ಟೇ.

999ರ ಮರುಖರೀದಿ ಯೋಜನೆ ಬಗ್ಗೆ ಮಾತ್ರ ನನಗೆ ಗಟ್ಟಿ ಅಭಿಪ್ರಾಯವಿದೆ. ನಾನು ಬೆಳಗಾವಿಯಲ್ಲಿ ಹನ್ನೊಂದು ವರ್ಷ ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ಫೈನಾನ್ಸ್ ಕಾಗದ ಬರೆದವಳು. ಇಂಥ ಯೋಜನೆಗಳನ್ನು ನಾನೂ ಮಾರಿದ್ದೇನೆ. ಹುಕ್ಕೇರಿ ಕಡೆಯ ಒಬ್ಬ ಹುಡುಗ ಹದಿಮೂರನೇ ತಿಂಗಳು ಹಳೆಯ ಫೋನ್ ಹಿಡಿದು ಬಂದ. ಗಾಜಿಗೆ ಏನೂ ಆಗಿರಲಿಲ್ಲ, ಅಂಚಿನಲ್ಲಿ ಒಂದು ತಗ್ಗು ಬಿದ್ದಿತ್ತು. ಪರೀಕ್ಷೆ ಮಾಡುವ ಆ್ಯಪ್ ಅದನ್ನು ಕೆಳದರ್ಜೆಗೆ ಹಾಕಿತು, ಹೇಳಿದ ಬೆಲೆಯ ಅರ್ಧವೂ ಬರಲಿಲ್ಲ. ಬಂದದ್ದೂ ನಗದಲ್ಲ, ಅದೇ ಅಂಗಡಿಯಲ್ಲಿ, ಅವರು ಹೇಳಿದ ಮಾಡೆಲ್‌ಗಳ ಮೇಲೆ ಮಾತ್ರ ನಡೆಯುವ ಕೂಪನ್. ಅದರ ಮೇಲೆ, ಬೌನ್ಸ್ ಆಗಿದ್ದ ಒಂದು ಕಂತಿನ ದಂಡ ಬಾಕಿ ಉಳಿದದ್ದರಿಂದ ಹಳೆಯ ಸಾಲ ಪೂರ್ತಿ ಮುಚ್ಚಿರಲಿಲ್ಲ, ಹೊಸ ಸಾಲ ಮಂಜೂರಾಗಲಿಲ್ಲ. ಆ ಹುಡುಗ ನನ್ನ ಮುಖ ನೋಡಿ ‘ಅಕ್ಕಾ, ನೀವs ಹೇಳಿದ್ರಲ್ಲ’ ಅಂದ. ‘60 ಪರ್ಸೆಂಟ್’ ಎಂದು ಹೇಳಿದ್ದೆ, ‘60 ಪರ್ಸೆಂಟ್‌ವರೆಗೆ’ ಎಂದು ಹೇಳಿರಲಿಲ್ಲ. ಆ ‘ವರೆಗೆ’ ಎಂಬ ಮೂರಕ್ಷರವನ್ನು ನುಂಗಿದ ತಪ್ಪು ನನ್ನದು. ಈ ಉತ್ತರವನ್ನು ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಆದ್ದರಿಂದ ಮಗಳು ಅಂಗಡಿಗೆ ಹೋದಾಗ ಕೇಳಬೇಕಾದ್ದು ಹೀಗಿದೆ. 60 ಪ್ರತಿಶತ ಯಾವುದರ ಮೇಲೆ, ಬಿಲ್ಲಿನ ಬೆಲೆಯ ಮೇಲೋ ಅಥವಾ ಆ ದಿನದ ಮಾರುಕಟ್ಟೆ ಬೆಲೆಯ ಮೇಲೋ? ಎಷ್ಟನೇ ತಿಂಗಳಿಂದ ಎಷ್ಟನೇ ತಿಂಗಳವರೆಗೆ? ಬ್ಯಾಟರಿ, ಅಂಚು, ಕ್ಯಾಮೆರಾ ಗಾಜಿಗೆ ಏನಾಗಿದ್ದರೆ ಎಷ್ಟು ಕಡಿತ? ಬಾಕ್ಸ್, ಬಿಲ್, ಚಾರ್ಜರ್ ಬೇಕೋ? ನಗದೋ ಕೂಪನ್ನೋ? ಈ ಹೊಣೆ ಯಾರದು, ಅಂಗಡಿಯದೋ, ಫೋನ್ ಕಂಪನಿಯದೋ, ಮೂರನೆಯವರದೋ? ಅಂಗಡಿ ಮುಚ್ಚಿದರೆ ಯಾರನ್ನು ಹಿಡಿಯುವುದು? ಇವಕ್ಕೆ ಛಾಪಿಸಿದ ಕಾಗದದಲ್ಲಿ ಉತ್ತರ ಸಿಗದಿದ್ದರೆ 999 ಕೊಡಬೇಡಿರಿ. 24,000ದ ಫೋನಿಗೆ ಈ ಯೋಜನೆ ಬೇಡವೇ ಬೇಡ ಎಂಬುದು ನನ್ನ ನಿಲುವು. ಆ ಮಟ್ಟದ ಫೋನುಗಳು ಈಗ ನಾಲ್ಕು ವರ್ಷ ಆರಾಮಾಗಿ ನಡೆಯುತ್ತವೆ. ವರ್ಷಕ್ಕೊಮ್ಮೆ ಬದಲಿಸುವ ಆಸೆಯನ್ನು ಮೊದಲ ದಿನವೇ ದುಡ್ಡು ಕೊಟ್ಟು ಕೊಂಡುಕೊಳ್ಳುವುದೇಕೆ? ಬದಲಿಸಲೇಬೇಕೆಂದಾಗ ನಾಲ್ಕು ಅಂಗಡಿಯಲ್ಲಿ ತೋರಿಸಿ, ಹೆಚ್ಚು ಕೊಟ್ಟವರಿಗೆ ಕೊಡಬಹುದು.

ಸಾಲ ನಿಮ್ಮ ಹೆಸರಿನಲ್ಲಿ ಅಂದಿದ್ದೀರಲ್ಲ, ಆ ಸಾಲು ಓದಿ ನನಗೆ ಸ್ವಲ್ಪ ಗಾಬರಿಯಾಯಿತು. ಫೋನ್ ಬೆಳಗಾವಿಯಲ್ಲಿ, ಕಂತು ನಿಮ್ಮ ಖಾತೆಯಿಂದ, ನಿಮ್ಮ ಖಾತೆಗೆ ದುಡ್ಡು ಬರುವುದು ಕಾರ್ಖಾನೆಯಿಂದ. ಕಬ್ಬು ಸಾಗಿಸಿದ 14 ದಿನದೊಳಗೆ ಬಿಲ್ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಅದು ತಡವಾದಾಗ ಏನಾಗುತ್ತದೆ ಎಂದು ನಾನು ನಿಮಗೆ ಹೇಳಬೇಕಿಲ್ಲ. ಫೈನಾನ್ಸಿನವರ ಕಂತು ಮಾತ್ರ ತಿಂಗಳ ಗೊತ್ತಾದ ತಾರೀಖಿಗೆ ಎಳೆದುಕೊಳ್ಳುತ್ತದೆ, ಕಾರ್ಖಾನೆಯ ಬಿಲ್ಲಿಗೆ ಕಾಯುವುದಿಲ್ಲ. ಖಾತೆ ಖಾಲಿ ಇದ್ದರೆ ಬೌನ್ಸ್ ದಂಡ ಅವರದ್ದೊಂದು, ಬ್ಯಾಂಕಿನದ್ದೊಂದು. ದಂಡ ಹೇಗೋ ಕಟ್ಟಬಹುದು. ಅದಕ್ಕಿಂತ ಕೆಟ್ಟದ್ದು ಸಿಬಿಲ್ ದಾಖಲೆ, ಅಂದರೆ ನೀವು ಸಾಲ ಹೇಗೆ ತೀರಿಸಿದಿರಿ ಎಂಬುದರ ದಾಖಲೆ. 2025ರ ಜನವರಿಯಿಂದ ಸಾಲ ಕೊಟ್ಟವರು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಈ ಮಾಹಿತಿ ಕಳಿಸಬೇಕು. 2,000 ರೂಪಾಯಿಯ ಒಂದು ಕಂತು ತಪ್ಪಿದ್ದು ಮುಂದೆ ಟ್ರ್ಯಾಕ್ಟರ್ ಸಾಲ ಕೇಳಲು ಹೋದಾಗ ಮ್ಯಾನೇಜರ್ ಮೇಜಿನ ಮೇಲೆ ಕಾಣುತ್ತದೆ. ಕಂತು ಮಾಡಲೇಬೇಕಾದರೆ ಕನಿಷ್ಠ ಮೂರು ಕಂತಿನಷ್ಟು ದುಡ್ಡು ಆ ಖಾತೆಯಲ್ಲಿ ಎತ್ತಿಟ್ಟು ಆಮೇಲೆ ಸಹಿ ಮಾಡಿರಿ.

ಸಹಿ ಮಾಡುವ ಮುನ್ನ ‘ಪ್ರಮುಖ ಸಂಗತಿಗಳ ಪತ್ರ’ ಕೇಳಿರಿ, ಅಂಗಡಿಯವರಿಗೆ ಕೆಎಫ್‌ಎಸ್ ಅಂದರೆ ಗೊತ್ತಾಗುತ್ತದೆ. 2024ರ ಅಕ್ಟೋಬರ್ 1ರಿಂದ ಇಂಥ ಪ್ರತಿ ಹೊಸ ಸಾಲಕ್ಕೂ ಇದನ್ನು ಕೊಡುವುದು ಕಡ್ಡಾಯ. ಎಲ್ಲ ಶುಲ್ಕ ಸೇರಿ ವಾರ್ಷಿಕ ಬಡ್ಡಿ ದರ ಎಷ್ಟು ಬೀಳುತ್ತದೆ ಎಂದು ಅದರಲ್ಲಿ ಬರೆದಿರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬ ನಿಯಮವೂ ಇದೆ, ಆದ್ದರಿಂದ ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ. ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ. ‘ಆಫರ್ ಇವತ್ತೇ ಮುಗೀತದ’ ಎಂದು ಕೌಂಟರಿನಲ್ಲಿ ಅವಸರ ಮಾಡುತ್ತಾರೆ. ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲಕ್ಕೆ ಆ ಪತ್ರ ಕನಿಷ್ಠ ಮೂರು ಕೆಲಸದ ದಿನ ಊರ್ಜಿತವಿರಬೇಕು. ಮನೆಗೆ ತಂದು ಓದಿರಿ. ಸಾಲ ಮುಗಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆದು, ಮೂರ್ನಾಲ್ಕು ವಾರದ ನಂತರ ಸಿಬಿಲ್ ವರದಿ ತೆಗೆಸಿ ನೋಡಿರಿ. ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ.

ತಕರಾರು ಬಂದರೆ ಸಾಲದ ವಿಷಯಕ್ಕೆ ಮೊದಲು ಆ ಫೈನಾನ್ಸ್ ಕಂಪನಿಗೇ ಲಿಖಿತ ದೂರು, 30 ದಿನದಲ್ಲಿ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಎಂಬ ದೂರು ವಿಚಾರಿಸುವ ಅಧಿಕಾರಿ, ಮಾಹಿತಿಗೆ 14448. ಅಂಗಡಿಯ ಮಾತು ತಪ್ಪಿದರೆ ಗ್ರಾಹಕ ಸಹಾಯವಾಣಿ 1915, ಅದರ ಮೇಲೆ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ.

ನನ್ನನ್ನು ಕೇಳಿದರೆ, ಮಗಳ ಫೋನನ್ನು 22,800 ನಗದು ಕೊಟ್ಟೇ ಕೊಳ್ಳಿರಿ, ಯೋಜನೆ ಬೇಡ. ಈಗ ಅಷ್ಟು ಒಮ್ಮೆಲೆ ಕಷ್ಟವಾದರೆ 15,000ದ ಒಳಗೆ ಒಂದು ಫೋನ್ ನೋಡಲಿ. ಓದುವ ಹುಡುಗಿಗೆ ಬೇಕಾದ ತರಗತಿ, ನೋಟ್ಸು, ಹಣ ಪಾವತಿ ಎಲ್ಲ ಅದರಲ್ಲಿ ನಡೆಯುತ್ತದೆ. ಖಡೇಬಜಾರ ಒಂದೇ ನೋಡಿ ಬರಬೇಡವೆಂದೂ ಹೇಳಿರಿ, ಗಣಪತಿ ಗಲ್ಲಿ, ಕಿರ್ಲೋಸ್ಕರ್ ರಸ್ತೆ ಎಲ್ಲ ಕಾಲ್ನಡಿಗೆಯ ದೂರದಲ್ಲಿವೆ, ಐದು ನೂರೋ ಸಾವಿರವೋ ರೂಪಾಯಿಯ ಫರಕು ಸಿಕ್ಕೇ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಯೋಚನೆ ಬಂದರೆ, ಫೋನಿನಲ್ಲಿ *#06# ಒತ್ತಿ ಬರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು, ಅದರ ಮೊದಲು ‘ಕೆವೈಎಂ’ (KYM) ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, 14422ಕ್ಕೆ ಸಂದೇಶ ಕಳಿಸಲಿ. ಕಳವಾಗಿ ತಡೆಹಿಡಿದ ಫೋನ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಇನ್ನು ಹದಿನಾಲ್ಕು ತಿಂಗಳ ನಂತರ ಮಗ ತರುವ ಐಫೋನಿನ ಮಾತು. ಕಂತು ಮುಗಿದ ಮೇಲೂ ಅದು ಅಲ್ಲಿಯ ಕಂಪನಿಗೆ ಲಾಕ್ ಆಗಿರಬಹುದು, ಅಂದರೆ ಬೇರೆ ಕಂಪನಿಯ ಸಿಮ್ ಅದರಲ್ಲಿ ನಡೆಯದು. ಬಾಕಿ ತೀರಿದ ಮೇಲೆ ಅನ್‌ಲಾಕ್ ಮಾಡಿಕೊಡುತ್ತಾರೆ, ಕೆಲವರು ತಾವಾಗಿಯೇ, ಕೆಲವರು ಕೇಳಿದ ಮೇಲೆ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆದರೆ ‘ಕ್ಯಾರಿಯರ್ ಲಾಕ್’ ಎಂಬ ಸಾಲಿರುತ್ತದೆ. ಅದರ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿರಬೇಕು. ಅಲ್ಲಿಂದ ಹೊರಡುವ ಮುನ್ನ ಇದನ್ನು ನೋಡಿಕೊಂಡು, ತನ್ನ ಆಪಲ್ ಖಾತೆಯಿಂದ ಫೋನನ್ನು ಬಿಡಿಸಿ, ಎಲ್ಲ ಅಳಿಸಿ ತರಲಿ. ಕೊರಿಯರ್ ಬೇಡ, ಸುಂಕದ ತಾಪತ್ರಯ. ಕೈಚೀಲದಲ್ಲೇ ಬರಲಿ.

ಒಂದು ಸಂಗತಿ ಮಾತ್ರ ಈಗಲೇ ವಿಚಾರಿಸಿಡಿ. 2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ ಹಾಕುವ ಕಿಂಡಿಯೇ ಇಲ್ಲ. ಎರಡು ವರ್ಷದೊಳಗೆ ಕೊಂಡದ್ದಾದ್ದರಿಂದ ನಿಮ್ಮ ಮಗನದೂ ಹಾಗೇ ಇದ್ದೀತು. ಅದರಲ್ಲಿ ನಡೆಯುವುದು ಇ-ಸಿಮ್, ಅಂದರೆ ಚಿಪ್ಪು ಹಾಕದೆ ಫೋನಿನೊಳಗೇ ಕೂರಿಸುವ ಸಿಮ್ ಮಾತ್ರ, ನಿಮ್ಮ ಕೈಯಲ್ಲಿರುವ ಬಿಎಸ್‌ಎನ್‌ಎಲ್ ಚಿಪ್ಪನ್ನು ಅದರೊಳಗೆ ತೂರಿಸಲಾಗದು. ಜಿಯೋ, ಏರ್‌ಟೆಲ್, ವಿಐಗಳಲ್ಲಿ ಇ-ಸಿಮ್ ಬಂದು ವರ್ಷಗಳಾದವು, ಬಿಎಸ್‌ಎನ್‌ಎಲ್ ಈ ದಾರಿಗೆ ತಡವಾಗಿ ಬಂದಿದೆ. ಮುಂದಿನ ಸಲ ಸಂತೆಗೋ ಸೊಸೈಟಿಗೋ ಜಮಖಂಡಿಗೆ ಹೋದಾಗ ಅವರ ಗ್ರಾಹಕ ಸೇವಾ ಕೇಂದ್ರಕ್ಕೆ ಹೋಗಿ, ನಿಮ್ಮ ನಂಬರನ್ನು ಇ-ಸಿಮ್‌ಗೆ ಬದಲಿಸಿಕೊಡುತ್ತಾರೋ ಕೇಳಿರಿ. ಇಲ್ಲ ಅಂದರೆ ಅದೇ ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಪೋರ್ಟ್ ಆಗಬಹುದು, ಅದಕ್ಕೆ ನಿಮಗೆ ಹದಿನಾಲ್ಕು ತಿಂಗಳು ಪುರಸೊತ್ತಿದೆ.